ಹತ್ತು ದಿನದ ಅತಿಥಿಗಳು ಮತ್ತು ನಮ್ಮ ಗೇರುಮರ

ಬೈಕಂಪಾಡಿಯ ಪಕ್ಕದಲ್ಲೇ ಪಣಂಬೂರು, ಅಲ್ಲಿ ನವಮಂಗಳೂರು ಬಂದರು. ಆಫ್ರಿಕಾದ ಕಚ್ಚಾ ಗೇರುಬೀಜ ಈ ಬಂದರಿನಲ್ಲಿ ಇಳಿದು, ಜಿಲ್ಲೆಯ ಕಾರ್ಖಾನೆಗಳಿಗೆ ಹೋಗಿ, ಹೆಂಗಸರ ಕೈಯಲ್ಲಿ ಸಿಪ್ಪೆ ಕಳಚಿಕೊಂಡು ಬಿಳಿ ಗೋಡಂಬಿಯಾಗುತ್ತದೆ. ಗುಡ್ಡಗುಡ್ಡಗಳಲ್ಲಿ ಬೆಳೆದಿರುವ ಗೇರನ್ನು ಕಂಡವರಿಗೆ ಅದು ಈ ಮಣ್ಣಿನದೇ ಮರ ಎನಿಸುವುದು ಸಹಜ. ಆದರೆ ಗೇರಿನ ತವರು ದಕ್ಷಿಣ ಅಮೆರಿಕದ ಬ್ರೆಜಿಲ್. ಆ ಕರಾವಳಿಗೂ ನಮ್ಮ ಕರಾವಳಿಗೂ ನಂಟು ಬೆಳೆದದ್ದಾದರೂ ಹೇಗೆ?

1500ರ ಮಾರ್ಚ್ 9ರಂದು ಪೆಡ್ರೊ ಆಲ್ವಾರಿಸ್ ಕಬ್ರಾಲ್‌ನ ನಾಯಕತ್ವದಲ್ಲಿ 13 ಹಡಗುಗಳು ಪೋರ್ಚುಗಲ್‌ನ ಲಿಸ್ಬನ್ ಬಿಟ್ಟವು. ಅವು ಹೊರಟದ್ದು ಕಲ್ಲಿಕೋಟೆಗೆ. ಅಟ್ಲಾಂಟಿಕ್ ಸಾಗರದಲ್ಲಿ ಪಶ್ಚಿಮಕ್ಕೆ ಬಹುದೂರ ಸಾಗಿದ್ದರಿಂದ ಏಪ್ರಿಲ್ 22ರಂದು ಅವರಿಗೆ ಹೊಸ ನೆಲವೊಂದು ಕಂಡಿತು. ಇಂದಿನ ಬ್ರೆಜಿಲ್‌ನ ಬಹಿಯಾ ರಾಜ್ಯದಲ್ಲಿ, ಪೋರ್ಟೊ ಸೆಗುರೊ ಎಂಬ ಕಡಲೂರಿನ ಬಳಿಯ ತೀರ ಅದು. ಅಲ್ಲಿದ್ದವರು ತುಪಿ ಭಾಷೆಯಾಡುವ ತುಪಿನಿಕಿಂ ಜನ.

ಹಡಗಿನಲ್ಲಿ ಪೆರೊ ವಾಜ್ ದ ಕಾಮಿನ್ಯಾ ಎಂಬ ಬರಹಗಾರನಿದ್ದ. ಆ ಹತ್ತು ದಿನಗಳಲ್ಲಿ ಕಂಡದ್ದನ್ನೆಲ್ಲ ಅವನು ಮೇ 1ರಂದು ದೊರೆಗೆ ಪತ್ರ ಬರೆದು ತಿಳಿಸಿದ. ಹೊಸ ಊರಿಗೆ ಹೋದವನ ಕಣ್ಣು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಅಪರೂಪ. ಮೊದಲ ಭೇಟಿಯಲ್ಲಿ ಅಲೆಯ ಅಬ್ಬರಕ್ಕೆ ಮಾತೇ ಕೇಳಿಸಲಿಲ್ಲವಂತೆ. ಟೋಪಿ ಕೊಟ್ಟು ಗರಿಯ ಕಿರೀಟ ಪಡೆದರು. ಮರುದಿನ ಇಬ್ಬರು ಯುವಕರನ್ನು ಹಡಗಿಗೆ ಕರೆತಂದರು. ಗಿಳಿಯನ್ನು ತೋರಿಸಿದರೆ ಯುವಕರು ಗುರುತು ಹಿಡಿದರು. ಟಗರನ್ನು ಕಂಡು ಸುಮ್ಮನಿದ್ದರು. ಕೋಳಿಯನ್ನು ಕಂಡು ಹೆದರಿದರು. ಕೊಟ್ಟ ರೊಟ್ಟಿ, ಜೇನು, ದ್ರಾಕ್ಷಾರಸ ಯಾವುದೂ ಅವರಿಗೆ ಹಿಡಿಸಲಿಲ್ಲ. ರಾತ್ರಿ ಹಡಗಿನಲ್ಲೇ ನಿದ್ದೆಹೋದರು. ಯಾರೋ ಹೊದಿಕೆ ಹೊದಿಸಿದರು.

ನಾಯಕನ ಕೊರಳಲ್ಲಿ ಚಿನ್ನದ ಸರವಿತ್ತು. ಯುವಕನೊಬ್ಬ ಸರವನ್ನೂ ದಡವನ್ನೂ ತೋರಿಸಿ ಕೈಸನ್ನೆ ಮಾಡಿದ. ದಡದಲ್ಲಿ ಚಿನ್ನವಿದೆ ಎನ್ನುತ್ತಿದ್ದಾನೆಂದು ಹಡಗಿನವರು ಭಾವಿಸಿದರು. ಆದರೆ ತಮಗೆ ಹಾಗೆ ಬೇಕಾಗಿತ್ತು, ಆದ್ದರಿಂದ ಹಾಗೆ ಅರ್ಥಮಾಡಿಕೊಂಡೆವು ಎಂಬ ಧಾಟಿಯಲ್ಲಿ ಕಾಮಿನ್ಯಾ ಪ್ರಾಮಾಣಿಕವಾಗಿ ಬರೆದಿದ್ದಾನೆ. ಈ ಪತ್ರ ಅಚ್ಚಾದದ್ದು 1817ರಲ್ಲಿ. ಅಷ್ಟರಲ್ಲಿ ಆ ನೆಲ ಮೂರು ಶತಮಾನ ಪೋರ್ಚುಗೀಸರ ಕೈಯಲ್ಲಿ ನಲುಗಿತ್ತು.

ಮೇ 2ರಂದು ಹಡಗುಗಳು ಭಾರತದತ್ತ ತಿರುಗಿದವು. ಆಫ್ರಿಕಾದ ದಕ್ಷಿಣದ ಬಿರುಗಾಳಿಯಲ್ಲಿ ನಾಲ್ಕು ಮುಳುಗಿದವು. ಉಳಿದ ಆರು ಹಡಗುಗಳು ಆಗಸ್ಟ್‌ನಲ್ಲಿ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿ, ನೀರು ತುಂಬಿಕೊಂಡು, ಸೆಪ್ಟೆಂಬರ್‌ನಲ್ಲಿ ಕಲ್ಲಿಕೋಟೆ ಸೇರಿದವು. ಕಾಮಿನ್ಯಾ ಆ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿಯೇ ಸತ್ತ. ಹೀಗೆ ಬ್ರೆಜಿಲ್‌ನ ತೀರವನ್ನೂ ಕನ್ನಡ ಕರಾವಳಿಯ ಅಂಚನ್ನೂ ಒಂದೇ ಪ್ರಯಾಣ ಮುಟ್ಟಿತು.

ಗೇರು ಬಂದದ್ದು ಆ ಹಡಗುಗಳಲ್ಲಲ್ಲ. ಅದೇ ಶತಮಾನದಲ್ಲಿ, ಪೋರ್ಚುಗೀಸರ ಮುಂದಿನ ಓಡಾಟದಲ್ಲಿ. 1578ರ ಹೊತ್ತಿಗೆ ಕೊಚ್ಚಿಯ ತೋಟಗಳಲ್ಲಿ ಅದು ಇದ್ದುದನ್ನು ಕ್ರಿಸ್ಟೋವಾವೊ ದ ಕೋಸ್ಟಾ ಎಂಬ ವೈದ್ಯ ದಾಖಲಿಸಿದ್ದಾನೆ. ಪರದೇಶದ ಗಿಡ ಇಲ್ಲಿ ಇಷ್ಟು ಸುಲಭವಾಗಿ ಬೇರೂರಿದ್ದು ಹೇಗೆ? ಭೂಪಟ ನೋಡಿ. ಬೈಕಂಪಾಡಿ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದ್ದರೆ, ಬಹಿಯಾದ ರಾಜಧಾನಿ ಸಾಲ್ವಡಾರ್ ದಕ್ಷಿಣಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಎರಡೂ ಕಡೆ ಅದೇ ಸೆಕೆ, ಅದೇ ಉಪ್ಪುಗಾಳಿ.

ಹೊಸ ಗಿಡಕ್ಕೆ ನಮ್ಮವರು ಇಟ್ಟ ಹೆಸರೂ ಕುತೂಹಲದ್ದು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಯಿಯ ಮರವೊಂದು ಇಲ್ಲಿ ಮೊದಲೇ ಇತ್ತು. ಅದರ ಹೆಸರು ಗೇರು. ಅದರಲ್ಲೂ ಬೀಜ ಹಣ್ಣಿನ ಹೊರಗೇ ತೂಗುತ್ತದೆ, ಅದರ ಎಣ್ಣೆಯೂ ಚರ್ಮ ಸುಡುತ್ತದೆ. ಹಳೆಯ ಹೆಸರು ಹೊಸ ಮರಕ್ಕೆ ಬಂತು. ಎರಡೂ ಒಂದೇ ಕುಟುಂಬದವು ಎಂದು ಸಸ್ಯವಿಜ್ಞಾನವೂ ಒಪ್ಪುತ್ತದೆ. ಕೈಸನ್ನೆಯಲ್ಲಿ ಚಿನ್ನ ಕಂಡ ನಾವಿಕರಿಗಿಂತ ನಮ್ಮ ರೈತರ ಕಣ್ಣು ಚುರುಕಾಗಿತ್ತು ಎನ್ನಬಹುದು.

ಕೊಡುಕೊಳ್ಳುವಿಕೆ ಒಂದೇ ಕಡೆಯದಲ್ಲ. ನಮ್ಮ ಮಾವು, ಹಲಸು ಬ್ರೆಜಿಲ್‌ಗೆ ಹೋದವು. ಅಲ್ಲಿ ಇಂದಿಗೂ ಮಾವು ‘ಮಾಂಗಾ’, ಹಲಸು ‘ಜಾಕಾ’. ಎರಡನೆಯದು ಮಲಯಾಳದ ‘ಚಕ್ಕ’ದಿಂದ ಹೋದ ಮಾತು.

ತುಪಿನಿಕಿಂ ಜನರ ಪಾಲಿಗೆ ಉಳಿದದ್ದೇನು? ರೋಗ, ಗುಲಾಮಗಿರಿ, ಯುದ್ಧಗಳಲ್ಲಿ ಅವರ ಸಂಖ್ಯೆ ಕರಗಿತು. ಕರಾವಳಿಯ ಹಳೆಯ ತುಪಿ ಇಂದು ಯಾರ ಮನೆಮಾತೂ ಅಲ್ಲ; ಅದರ ಕವಲೊಂದು ಮಾತ್ರ ಅಮೆಜಾನ್ ಪ್ರದೇಶದಲ್ಲಿ ಜೀವ ಹಿಡಿದಿದೆ. ಆದರೆ ‘ಕಾಜು’ ತುಪಿ ಭಾಷೆಯ ‘ಅಕಾಜು’ವಿನಿಂದ ಬಂದ ಮಾತು, ‘ಅನಾನಸು’ ಕೂಡ ಅದೇ ಭಾಷಾ ಬಳಗದ್ದು. ಅತಿಥಿಗಳನ್ನು ನಂಬಿ ಅವರ ಹಡಗಿನಲ್ಲೇ ಮಲಗಿದ ಆ ಇಬ್ಬರು ಯುವಕರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವರ ಭಾಷೆಯ ಮಾತು ಮಾತ್ರ ಮಂಗಳೂರಿನ ಮಾರುಕಟ್ಟೆಯಲ್ಲಿ ದಿನವೂ ಕೇಳಿಬರುತ್ತಿದೆ.