ಚೊಂಬು, ಪೆನ್ಸಿಲು ಮತ್ತು ಮಾರುತ

ಮಾರತ್ತಹಳ್ಳಿಯ ಸೇತುವೆಯ ಬದಿಯಲ್ಲಿ ಬಸ್ಸಿಳಿದು ಮುನ್ನೇಕೊಳಾಲದ ಕಡೆಗೋ ಕುಂದಲಹಳ್ಳಿ ಗೇಟಿನ ಕಡೆಗೋ ನಡೆಯುವವರ ಕಣ್ಣಿಗೆ, ಪಿ.ಜಿ. ವಸತಿಗಳ ಹಾಗೂ ರಿಯಾಯಿತಿ ಬಟ್ಟೆಯಂಗಡಿಗಳ ಫಲಕಗಳ ನಡುವೆ, ಜಾವಾ ಪೈಥಾನ್‌ಗಳ ಸಾಲಿನಲ್ಲಿಯೇ ‘ಯು.ಐ., ಯು.ಎಕ್ಸ್. ಡಿಸೈನ್’ ಕಲಿಸಿಕೊಡುವ ತರಬೇತಿ ಕೇಂದ್ರಗಳ ಫಲಕಗಳೂ ಬೀಳುತ್ತವೆ. ಇವನ್ನು ನೋಡಿದವರಿಗೆ ವಿನ್ಯಾಸವಿದ್ಯೆಯೆಂದರೆ ಒಂದೆರಡು ಸಾಫ್ಟ್‌ವೇರುಗಳ ಬಳಕೆಯೆಂದೇ ತೋರಿದರೆ ಅದು ಅವರ ತಪ್ಪಲ್ಲ. ಆದರೆ ಈ ವಿದ್ಯೆಯನ್ನು ಶಾಸ್ತ್ರಕ್ರಮದಿಂದ ಬೋಧಿಸುವ ಶಾಲೆಗಳಲ್ಲಿ ಹೊಸ ವಿದ್ಯಾರ್ಥಿಯನ್ನು ಮೊದಲು ಕುಳ್ಳಿರಿಸುವುದು ಕಂಪ್ಯೂಟರಿನ ಮುಂದಲ್ಲ, ಬಿಳಿಯ ಕಾಗದದ ಮುಂದೆ. ಇಲ್ಲದ ವಸ್ತುವನ್ನು ಇರುವಂತೆಯೂ, ಇರುವ ವಸ್ತುವಿನಲ್ಲಿ ಕಾಣದುದನ್ನು ಕಾಣುವಂತೆಯೂ ಮಾಡುವ ದೃಶ್ಯನಿರೂಪಣೆಯೇ ಆ ಮೊದಲ ವರ್ಷದ ಮುಖ್ಯ ಅಭ್ಯಾಸ.

ಅಭ್ಯಾಸದ ಮೊದಲ ವಸ್ತು ಬಲು ಸಾಮಾನ್ಯವಾದದ್ದೇ ಆಗಿರಬಹುದು. ಒಂದು ಹಿತ್ತಾಳೆಯ ಚೊಂಬೆಂದು ಇಟ್ಟುಕೊಳ್ಳೋಣ. ಅದನ್ನು ಮೇಜಿನ ಮೇಲಿಟ್ಟು ಬರೆಯಿರೆಂದರೆ ತೊಡಕೇನಿದೆಯೆಂದು ಯಾರಿಗಾದರೂ ಅನ್ನಿಸೀತು. ಬರೆದು ನೋಡಿದಾಗಲೇ ತೊಡಕು ಗೊತ್ತಾಗುವುದು. ಚೊಂಬಿನ ಬಾಯಿ ದುಂಡಗಿದೆಯೆಂದು ವಿದ್ಯಾರ್ಥಿಯ ಬುದ್ಧಿಗೆ ತಿಳಿದಿದೆ, ಅದರ ತಳ ಮೇಜಿನ ಮೇಲೆ ಅಲುಗದೆ ಸಮನಾಗಿ ಕೂತಿದೆಯೆಂಬುದೂ ತಿಳಿದಿದೆ. ಆದಕಾರಣ ಬಾಯಿಯನ್ನು ಅಗತ್ಯಕ್ಕಿಂತ ದುಂಡಗೂ ತಳವನ್ನು ಅಡ್ಡಗೆರೆಯಾಗಿಯೂ ಎಳೆದು, ಬಾಯಿಯ ಎರಡು ಕೊನೆಗಳಲ್ಲಿ ಮೀನಿನ ಕಣ್ಣಿನ ಹಾಗೆ ಚೂಪು ಮೂಲೆಗಳನ್ನು ಮಾಡಿ, ಯಾವ ಕುಂಬಾರನೂ ಕಂಚುಗಾರನೂ ಮಾಡಲಾರದ ಒಂದು ಪಾತ್ರೆಯನ್ನು ಆತ ಕಾಗದದ ಮೇಲೆ ನಿಲ್ಲಿಸುತ್ತಾನೆ. ವಾಸ್ತವದಲ್ಲಿ ಓರೆಯಾಗಿ ನೋಡಿದ ವೃತ್ತವು ಕಣ್ಣಿಗೆ ದೀರ್ಘವೃತ್ತವಾಗಿ ತೋರುತ್ತದೆ. ದೀರ್ಘವೃತ್ತಕ್ಕೆ ಮೂಲೆಯೆಂಬುದೇ ಇಲ್ಲ. ಪಾತ್ರೆಯ ಅಂಚು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬಂದರೆ ಆ ದೀರ್ಘವೃತ್ತವು ಕುಗ್ಗಿ ಗೆರೆಯಾಗುತ್ತದೆ, ಮಟ್ಟದಿಂದ ಕೆಳಗಿಳಿದಷ್ಟೂ ಅರಳುತ್ತ ಹೋಗುತ್ತದೆ. ಎಂದ ಮೇಲೆ ಮೇಜಿನ ಮೇಲಿನ ಚೊಂಬಿನ ತಳದ ಬಾಗು ಬಾಯಿಯ ಬಾಗಿಗಿಂತ ತುಂಬಿಕೊಂಡಿರಬೇಕೇ ಹೊರತು ಚಪ್ಪಟೆಯಾಗಿರಕೂಡದು. ಕೈ ಇಲ್ಲಿ ತಪ್ಪುವುದು ಕುಶಲತೆ ಸಾಲದೆ ಅಲ್ಲ. ಕಣ್ಣು ಕಂಡದ್ದನ್ನು ಬುದ್ಧಿಯು ಅಡ್ಡ ಬಂದು ತಿದ್ದಿಬಿಡುವುದರಿಂದ.

ಚೊಂಬನ್ನೇ ಉದಾಹರಣೆಗೆ ತೆಗೆದುಕೊಂಡದ್ದಕ್ಕೆ ಕಾರಣವುಂಟು. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ವಿನ್ಯಾಸಕಾರ ದಂಪತಿಗಳು ಭಾರತ ಸರ್ಕಾರದ ಕೋರಿಕೆಯಂತೆ ಇಲ್ಲಿ ಸಂಚರಿಸಿ 1958ರಲ್ಲಿ ಒಪ್ಪಿಸಿದ ವರದಿಯಲ್ಲಿ, ತಾವು ಈ ದೇಶದಲ್ಲಿ ಕಂಡ ವಸ್ತುಗಳೊಳಗೆಲ್ಲ ವಿಶೇಷವಾಗಿ ಕೊಂಡಾಡಿದ್ದು ಲೋಟಾ ಎಂಬ ಈ ಪಾತ್ರೆಯನ್ನೇ. ಅದು ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ತೂಕದ ಕೇಂದ್ರ ಎಲ್ಲಿರಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಬಗ್ಗಿಸಿದಾಗ ಧಾರೆ ಹೇಗೆ ಬೀಳಬೇಕು ಎಂಬಿವೇ ಮೊದಲಾದ ಪ್ರಶ್ನೆಗಳಿಗೆ ತಲೆಮಾರುಗಳ ಅನಾಮಧೇಯ ಕೈಗಳು ಕೊಟ್ಟ ಉತ್ತರವನ್ನು ಅವರು ಅದರಲ್ಲಿ ಕಂಡರು. ಆ ವರದಿಯ ಪ್ರೇರಣೆಯಿಂದ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು.

ಕಣ್ಣು ಕಂಡದ್ದನ್ನು ತಿದ್ದಿಬಿಡುವ ಬುದ್ಧಿಯ ಅಧಿಕಪ್ರಸಂಗವನ್ನು ಅಡಗಿಸುವುದಕ್ಕೆಂದು ಶಿಕ್ಷಕರು ಹೂಡಿರುವ ಉಪಾಯಗಳು ಸ್ವಾರಸ್ಯವಾಗಿವೆ. ಕಾಗದವನ್ನು ನೋಡದೆ ವಸ್ತುವಿನ ಅಂಚಿನ ಮೇಲೆಯೇ ದೃಷ್ಟಿ ನೆಟ್ಟು, ದೃಷ್ಟಿ ಚಲಿಸಿದ ವೇಗದಲ್ಲಿಯೇ ಪೆನ್ಸಿಲನ್ನು ಚಲಿಸುವುದು ಒಂದು; ಅಮೆರಿಕದ ಕಲಾಶಿಕ್ಷಕ ನಿಕೊಲಾಯ್ಡಿಸನ 1941ರ ಪಠ್ಯಪುಸ್ತಕದಿಂದ ಇದು ಹೆಚ್ಚು ಬಳಕೆಗೆ ಬಂದಿತು. ಕುರ್ಚಿಯನ್ನು ಬರೆಯದೆ ಅದರ ಕಾಲುಗಳ ನಡುವಣ ಬಯಲನ್ನು ಬರೆಯುವುದು ಮತ್ತೊಂದು. ಆ ಬಯಲಿಗೆ ಹೆಸರಿಲ್ಲವಾದ್ದರಿಂದ ಬುದ್ಧಿಯು ಅಲ್ಲಿ ತಲೆಹಾಕುವುದಿಲ್ಲ. ಇನ್ನು ಅರೆನಿಮಿಷದೊಳಗೆ ಒಬ್ಬ ಮನುಷ್ಯನ ಭಂಗಿಯನ್ನು ಹಿಡಿಯುವ ಅಭ್ಯಾಸಕ್ಕೆ, ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೊರವರ್ತುಲ ರಸ್ತೆಯನ್ನು ಹಿಡಿದು ಹೋಗುವ 500ಡಿ ಬಸ್ಸಿಗಿಂತ ಒಳ್ಳೆಯ ಶಾಲೆ ಈ ಭಾಗದಲ್ಲಿ ಇಲ್ಲವೆಂದೇ ಹೇಳಬೇಕು: ಕಂಬಿ ಹಿಡಿದು ತೂಗುವವರು, ಎದೆಗೆ ಬ್ಯಾಗು ಅವುಚಿ ನಿದ್ರಿಸುವವರು, ಫೋನಿಗೆ ಕುತ್ತಿಗೆ ಬಾಗಿಸಿದವರು. ಪಾಪ, ಅವರಿಗೆ ಇದರ ಸುಳಿವೂ ಇರುವುದಿಲ್ಲ.

ಕಂಡಂತೆ ಬರೆಯುವುದಕ್ಕೂ ಭಾವಿಸಿದಂತೆ ಬರೆಯುವುದಕ್ಕೂ ಇರುವ ಭೇದವನ್ನು ನಮ್ಮ ನಾಡಿನವರು ಪಶ್ಚಿಮದಿಂದ ಕಲಿತುಕೊಳ್ಳಬೇಕಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವುಳ್ಳ ಚಿತ್ರವನ್ನು ವಿದ್ಧವೆಂದೂ, ಆಕಾರವನ್ನು ಮಾತ್ರ ಸೂಚಿಸುವ ಚಿತ್ರವನ್ನು ಅವಿದ್ಧವೆಂದೂ ವಿಂಗಡಿಸುತ್ತದೆ. ದೇಹದ ನಡುವೆ ನೇರವಾಗಿ ಇಳಿಬಿಟ್ಟ ಬ್ರಹ್ಮಸೂತ್ರವೆಂಬ ಗೆರೆಯನ್ನು ಆಧರಿಸಿ, ಋಜುವಾಗಿ ನಿಂತ ಮುಖವು ಪಕ್ಕಕ್ಕೆ ಹೊರಳುತ್ತ ಹೋದಂತೆ ಅಳತೆಗಳು ಹೇಗೆ ಬದಲಾಗಬೇಕೆಂಬುದನ್ನೂ ಅದು ವಿವರಿಸುತ್ತದೆ. ಸಿಂಹಾಸನದ ಮೇಲೆ ಕುಳಿತವನೊಬ್ಬನು ಇಷ್ಟು ಸೂಕ್ಷ್ಮವಾಗಿ ಗೆರೆಗಳ ಲೆಕ್ಕ ಬರೆದದ್ದು ಇತಿಹಾಸದಲ್ಲಿ ವಿರಳ.

ಕಣ್ಣು ಪಳಗಿದ ಬಳಿಕ ಶಾಸ್ತ್ರದ ಹೃದಯಭಾಗವು ಬರುತ್ತದೆ. ಒಂದೇ ವಸ್ತುವನ್ನು ಹಲವು ವಿಧಗಳಲ್ಲಿ ನಿರೂಪಿಸಬಹುದು. ಪ್ರತಿಯೊಂದು ವಿಧವೂ ಒಂದು ಸತ್ಯವನ್ನು ಉಳಿಸಿಕೊಳ್ಳುವುದು ಇನ್ನೊಂದು ಸತ್ಯವನ್ನು ಬಿಟ್ಟುಕೊಟ್ಟೇ. ಮೇಲಿನಿಂದ, ಎದುರಿನಿಂದ, ಪಕ್ಕದಿಂದ ಬೇರೆಬೇರೆಯಾಗಿ ಎಳೆದ ನಕ್ಷೆಗಳಲ್ಲಿ ಅಳತೆಯು ಕೂದಲೆಳೆಯಷ್ಟೂ ಕೆಡುವುದಿಲ್ಲ. ಆದರೆ ಅಂಥ ನೋಟವನ್ನು ಲೋಕದಲ್ಲಿ ಯಾರ ಕಣ್ಣೂ ಕಾಣದು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಗಾಸ್ಪಾರ್ ಮೋಂಜ್ ಎಂಬ ಗಣಿತಜ್ಞನು ಕೋಟೆಗಳ ರಚನೆಗಾಗಿ ಈ ಪದ್ಧತಿಯನ್ನು ಶಾಸ್ತ್ರಬದ್ಧಗೊಳಿಸಿದಾಗ, ಅಲ್ಲಿಯ ಸೈನ್ಯವು ಅದನ್ನು ವರ್ಷಗಟ್ಟಲೆ ಗುಟ್ಟಾಗಿ ಇರಿಸಿಕೊಂಡಿತಂತೆ. ಗೆರೆ ಎಳೆಯುವ ಕ್ರಮವೊಂದು ರಾಜ್ಯರಹಸ್ಯವಾದ ಕಾಲವೂ ಇತ್ತು. ಇದಕ್ಕೆ ತೀರ ಎದುರಾದುದು ಪರ್ಸ್ಪೆಕ್ಟಿವ್, ಎಂದರೆ ಯಥಾದೃಷ್ಟಿ ಚಿತ್ರ. ಕಣ್ಣಿನ ಮಟ್ಟದಲ್ಲಿ ಒಂದು ಕ್ಷಿತಿಜರೇಖೆ, ಅದರ ಮೇಲೆ ಸಮಾಂತರ ರೇಖೆಗಳು ಕೂಡುವ ಬಿಂದು, ದೂರ ಹೋದಂತೆ ಕಿರಿದಾಗುವ ಕಂಬಗಳು ಇವೆಲ್ಲ ಅದರಲ್ಲಿ ಕಂಡಂತೆಯೇ ಇರುತ್ತವೆ. ಆದರೆ ಅದರ ಮೇಲೆ ಅಳತೆಪಟ್ಟಿಯನ್ನಿಟ್ಟು ಬಡಗಿಯು ಒಂದು ಹಲಗೆಯನ್ನೂ ಕೊಯ್ಯಲಾರ. ಇವೆರಡರ ನಡುವಣ ರಾಜಿಯಂತಿರುವುದು ಐಸೋಮೆಟ್ರಿಕ್. ಕೇಂಬ್ರಿಡ್ಜಿನ ಪ್ರಾಧ್ಯಾಪಕ ವಿಲಿಯಂ ಫ್ಯಾರಿಷ್ ತನ್ನ ಉಪನ್ಯಾಸಗಳಿಗಾಗಿ ಯಂತ್ರಗಳ ಮಾದರಿಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಗಿದ್ದಿತು. ಸಹಾಯಕರಿಗೆ ಜೋಡಣೆಯ ಬಗೆ ತಿಳಿಯಲೆಂದು ಆತ ಬಳಸಿದ ಈ ವಿಧಾನವನ್ನು 1822ರಲ್ಲಿ ಪ್ರಕಟಿಸಿದನು. ಅಡ್ಡಗೆರೆಗೆ 30 ಡಿಗ್ರಿ ಕೋನದಲ್ಲಿ ಎರಡು ದಿಕ್ಕುಗಳು, ನೆಟ್ಟಗೆ ಮೂರನೆಯದು, ಮೂರರ ಮೇಲೂ ಒಂದೇ ಅಳತೆ. ಶಾಸ್ತ್ರರೀತ್ಯಾ ಪ್ರತಿ ಗೆರೆಯೂ ನಿಜದ ಉದ್ದದ ಶೇಕಡ 81.6ರಷ್ಟಕ್ಕೆ ಕುಗ್ಗಬೇಕು; ವ್ಯವಹಾರದಲ್ಲಿ ಯಾರೂ ಕುಗ್ಗಿಸುವ ಗೋಜಿಗೆ ಹೋಗದೆ ಪೂರ್ಣ ಉದ್ದವನ್ನೇ ಎಳೆಯುವುದರಿಂದ ವಸ್ತುವು ಸುಮಾರು ಶೇಕಡ 22ರಷ್ಟು ದೊಡ್ಡದಾಗಿ ಕಾಣುತ್ತದೆ. ಎಲ್ಲರಿಗೂ ಗೊತ್ತಿರುವ ಸುಳ್ಳಾದ್ದರಿಂದ ಅದು ಯಾರನ್ನೂ ವಂಚಿಸುವುದಿಲ್ಲ.

ಹಾಗಾದರೆ ಆರಂಭದ ವಿದ್ಯಾರ್ಥಿಯು ಕಲಿಯತಕ್ಕದ್ದು ಗೆರೆಯ ಅಂದವನ್ನಲ್ಲ. ಯಾರಿಗೆ, ಯಾವ ಪ್ರಶ್ನೆಗೆ ಉತ್ತರವಾಗಿ, ಯಾವುದನ್ನು ಬಿಟ್ಟುಕೊಡಬಹುದೆಂಬ ವಿವೇಕವನ್ನು. ಲಂಡನ್ನಿನ ಸುರಂಗ ರೈಲಿಗೆ ಹ್ಯಾರಿ ಬೆಕ್ ರಚಿಸಿ 1933ರಲ್ಲಿ ಅಚ್ಚಾದ ನಕ್ಷೆಯು ಭೂಗೋಳದ ದೂರಗಳನ್ನೆಲ್ಲ ತೊರೆದು, ಯಾವ ನಿಲ್ದಾಣದ ಬಳಿಕ ಯಾವುದು, ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಎಂಬಿಷ್ಟನ್ನೇ ಉಳಿಸಿಕೊಂಡಿತು. ಜಗತ್ತಿನ ಮೆಟ್ರೋ ನಕ್ಷೆಗಳು ಬಹುಮಟ್ಟಿಗೆ ಅದರದೇ ಸಂತಾನ. ಅದೇ ಜಾಡಿನಲ್ಲಿ, 500ಡಿ ಬಸ್ಸಿನ ದಾರಿಯನ್ನು ಒಮ್ಮೆ ಕಿಲೋಮೀಟರಿನ ಪ್ರಮಾಣದಲ್ಲಿಯೂ ಮತ್ತೊಮ್ಮೆ ಸಂಜೆಯ ನಿಮಿಷಗಳ ಪ್ರಮಾಣದಲ್ಲಿಯೂ ಎಳೆದು ನೋಡುವ ವಿದ್ಯಾರ್ಥಿಗೆ, ಎರಡನೆಯ ನಕ್ಷೆಯಲ್ಲಿ ಸಿಲ್ಕ್ ಬೋರ್ಡು ಎಷ್ಟು ದೂರಕ್ಕೆ ಸರಿದು ನಿಂತಿತೆಂಬುದು ಕಾಣುತ್ತದೆ. ಈ ರಸ್ತೆಯ ನಿತ್ಯಪ್ರಯಾಣಿಕರು ಎರಡನೆಯದನ್ನೇ ನಿಜವೆಂದು ಸಾಕ್ಷಿ ನುಡಿದಾರು.

ಮೊಬೈಲಿನ ಪರದೆಯನ್ನು ವಿನ್ಯಾಸಗೊಳಿಸುವವರಿಗೂ ಇದೇ ನಿಯಮ. ಮೊದಲು ಚೌಕಗಳೂ ಅಡ್ಡಗೆರೆಗಳೂ ಮಾತ್ರವಿರುವ ವೈರ್‌ಫ್ರೇಮನ್ನು ಕಾಗದದ ಮೇಲೆ ಒರಟಾಗಿ ಬರೆಯಿಸುವುದು ಹಳಬರ ಹಟವಲ್ಲ. ನಯವಾಗಿ ಬಣ್ಣ ತುಂಬಿದ ಪರದೆಯನ್ನು ಮುಂದಿಟ್ಟರೆ ನೋಡಿದವರು ಬಣ್ಣದ ವಿಷಯವಾಗಿಯೇ ಮಾತಾಡುತ್ತಾರೆ. ಒರಟು ಚಿತ್ರವನ್ನು ಮುಂದಿಟ್ಟರೆ ಈ ಗುಂಡಿ ಇಲ್ಲೇಕೆ, ಹಣ ಕಟ್ಟುವ ಪುಟ ಇಷ್ಟು ಹಿಂದೇಕೆ ಎಂದು ಸಂಕೋಚವಿಲ್ಲದೆ ಕೇಳುತ್ತಾರೆ. ಅಪೂರ್ಣತೆಯನ್ನು ಹೀಗೆ ಬುದ್ಧಿಪೂರ್ವಕವಾಗಿ ಉಳಿಸಿಕೊಳ್ಳುವುದು, ಅಂದವಾಗಿ ಬರೆಯಬಲ್ಲ ಹುಡುಗರಿಗೇ ಹೆಚ್ಚು ಕಷ್ಟ.

ಬೆಂಗಳೂರಿನಲ್ಲಿ ಈ ವಿದ್ಯೆಗೆ ನೆಲೆಗಳು ಕಡಮೆಯಿಲ್ಲ. ಪೀಣ್ಯದ ಬಳಿ 2006ರಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಆವರಣ, ಯಲಹಂಕದ ಸೃಷ್ಟಿ, ಎಚ್.ಎಸ್.ಆರ್. ಬಡಾವಣೆಯ ನಿಫ್ಟ್, ಭಾರತೀಯ ವಿಜ್ಞಾನ ಸಂಸ್ಥೆಯ ವಿನ್ಯಾಸ ಹಾಗೂ ಉತ್ಪಾದನಾ ವಿಭಾಗ ಇವು ಹೆಸರಾದವು. ಪ್ರವೇಶ ಪರೀಕ್ಷೆಗಳಲ್ಲಿ ಚಿತ್ರ ಬರೆಯುವ ಪ್ರಶ್ನೆಗಳೂ ಬರುವುದರಿಂದ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರ ಕೈಕೆಳಗೆ ಲೋಯರ್, ಹೈಯರ್ ಪರೀಕ್ಷೆಗಳನ್ನು ಕಟ್ಟಿ ಮುಗಿಸಿದ ಹಳ್ಳಿಯ ಮಕ್ಕಳಿಗೆ ನಗರದ ಕೋಚಿಂಗಿನವರಿಗಿಂತ ಒಂದು ಹೆಜ್ಜೆ ಮುಂದೆ ನಿಲ್ಲುವ ಯೋಗ್ಯತೆಯುಂಟು. ಆ ಮೇಷ್ಟರ ಪೀರಿಯಡ್ಡನ್ನು ಗಣಿತದವರು ಕಸಿದುಕೊಳ್ಳದೆ ಇದ್ದರೆ, ಎಂದು ಸೇರಿಸಬೇಕಾಗಿರುವುದು ವಿಷಾದದ ಸಂಗತಿ.

ಇತ್ತ ಮಾರತ್ತಹಳ್ಳಿಯ ನೆರೆಯಲ್ಲಿಯೇ, ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ, ಎಚ್.ಎ.ಎಲ್. ಸಂಸ್ಥೆಯ ವಿಮಾನ ಸಂಗ್ರಹಾಲಯವಿದೆ. ಅದರ ಬಯಲಿನಲ್ಲಿ ನಿಂತಿರುವ ಮಾರುತವೆಂಬ ಯುದ್ಧವಿಮಾನವು ಜರ್ಮನಿಯ ಕುರ್ಟ್ ಟ್ಯಾಂಕರ ನೇತೃತ್ವದಲ್ಲಿ ಭಾರತೀಯ ವಿನ್ಯಾಸಕರು ಸೇರಿ ರೂಪಿಸಿದ್ದು. 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ನಿರೂಪಣೆಯು ಕಾಗದದಲ್ಲಿಯೇ ಮುಗಿಯುವುದಿಲ್ಲವೆಂಬುದಕ್ಕೆ ಅದರ ಚರಿತ್ರೆಯೇ ಪಾಠ. ಲೋಹದ ವಿಮಾನವನ್ನು ಕಟ್ಟುವುದಕ್ಕೆ ಮುನ್ನ ಅದೇ ಆಕಾರದ, ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರೊಂದನ್ನು ಮಾಡಿ 1959ರಲ್ಲಿ ಆಕಾಶಕ್ಕೆ ಎಳೆಯಿಸಿ ಹಾರಿಸಿ ನೋಡಿದರು. ವೇಗವೆಂಬ ಸತ್ಯವನ್ನು ಬಿಟ್ಟುಕೊಟ್ಟು ಹತೋಟಿಯೆಂಬ ಸತ್ಯವನ್ನು ಪರೀಕ್ಷಿಸಿದ ಮಾದರಿ ಅದು. ಶಬ್ದದ ವೇಗವನ್ನು ಸಮೀಪಿಸಿದಾಗ ಗಾಳಿಯ ಎಳೆತವು ಹೆಚ್ಚದಿರಲೆಂದು ರೆಕ್ಕೆ ಕೂಡುವೆಡೆಯಲ್ಲಿ ಈ ವಿಮಾನದ ಒಡಲನ್ನು ಸೊಂಟದಂತೆ ಸಣ್ಣಗೆ ಮಾಡಿದ್ದಾರೆ. ಪೆನ್ಸಿಲು ಹಿಡಿದು ಹೋದವರು ಮೊದಲು ಮೂತಿಯ ಓರೆಯಲ್ಲಿ ಕುಳಿತು ಕಂಡಂತೆ ಬರೆಯಲಿ. ಆಮೇಲೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, ಮೇಲಿನಿಂದ ನೋಡಿದರೆ ಆ ಸೊಂಟವು ಎಲ್ಲಿಂದ ಎಲ್ಲಿಯವರೆಗೆ ಬಾಗಿರಬೇಕೆಂಬುದನ್ನು ಮೂರು ನಾಲ್ಕು ಅಡ್ಡಕೊಯ್ತಗಳ ಸಹಾಯದಿಂದ ಊಹಿಸಿ ಎಳೆಯಲಿ. ಒಂದು ಅಪರಾಹ್ನಕ್ಕೆ ಅಷ್ಟು ಕೆಲಸ ಧಾರಾಳವಾಯಿತು.