ಎಂಜಿನ್ನಿನ ಆಸರೆಯನ್ನು ಕಳಚಬಹುದೇ?

ತಮ್ಮ ಮನೆಯ ಮೋಟಾರು ಕಾರಿಗೆ ಹೊಸದೇನನ್ನೋ ಕೂಡಿಸುವ ಸಂದರ್ಭದಲ್ಲಿ ಮೇಸ್ತ್ರಿಯು ಅಂಗೈಯಗಲದ ಕಬ್ಬಿಣದ ತುಂಡೊಂದನ್ನು ತೋರಿಸಿ, "ಇದು ಅಡ್ಡ ಬರುತ್ತದೆ ಸ್ವಾಮಿ, ತೆಗೆದುಬಿಡುತ್ತೇನೆ, ಏನೂ ಆಗುವುದಿಲ್ಲ" ಎಂದರೆ ತಾವು ಏನು ಹೇಳುವಿರಿ? ನಮ್ಮಲ್ಲಿ ಬಹುಮಂದಿ ತಲೆಯಾಡಿಸುತ್ತೇವೆ. ಯಂತ್ರದ ವಿಷಯದಲ್ಲಿ ನಮಗಿಂತ ಅವನು ಬಲ್ಲವನೆಂಬ ನಂಬಿಕೆ ಒಂದು. ಕೆಲಸ ಬೇಗ ಮುಗಿಯಲೆಂಬ ಆತುರ ಇನ್ನೊಂದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ಹಾಗೆಯೇ ತಲೆಯಾಡಿಸಿದ್ದನು. ಹಳೆಯದೊಂದು ಸಣ್ಣ ಕಾರನ್ನು ಕೊಂಡು, ಅದಕ್ಕೆ ದಪ್ಪನೆಯ ಹೊಗೆಕೊಳವೆಯನ್ನು ಹಾಕಿಸಿದನು. ಎಂಜಿನ್ನಿನ ಹಿಂಬದಿಯಲ್ಲಿದ್ದ ಬ್ರಾಕೆಟ್ಟೊಂದು ಆ ಕೊಳವೆಗೆ ಅಡ್ಡವಾಗಲು ಅದನ್ನು ಕಳಚಿ ಮೂಲೆಗೆ ಎಸೆದದ್ದಾಯಿತು. ಎರಡು ತಿಂಗಳು ಗಾಡಿ ಚೆನ್ನಾಗಿಯೇ ಓಡಿತು. ಗೇರು ಬದಲಿಸುವಾಗ "ಠಕ್" ಎಂಬ ಸದ್ದು ಬರುತ್ತಿದ್ದಿತಂತೆ. ಹಳೆಯ ಗಾಡಿಯಲ್ಲವೇ ಎಂದು ಸುಮ್ಮನಿದ್ದನು. ಒಂದು ದಿನ ತಾಯಿಯನ್ನೂ ಮಗುವನ್ನೂ ಕೂರಿಸಿಕೊಂಡು ಆಗುಂಬೆಯ ಘಟ್ಟವನ್ನೇರುತ್ತಿದ್ದಾಗ, ತಿರುವಿನಲ್ಲಿ ಮೊದಲನೆಯ ಗೇರು ತಾನಾಗಿಯೇ ಕಳಚಿಕೊಂಡಿತು. ಗಾಡಿ ಹಿಂದಕ್ಕೆ ಸರಿಯತೊಡಗಿತು. ಕೈಬ್ರೇಕು ಹಿಡಿದುದರಿಂದ ಮೂರು ಜೀವಗಳೂ ಉಳಿದುವು. ಊರಿಗೆ ಮರಳಿದವನು ನೇರವಾಗಿ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಅಷ್ಟು ಸಣ್ಣ ತುಂಡಿನಿಂದ ಹೀಗಾಗಬಹುದೇ?" ಎಂದು ಕೇಳಿದನು. ಕನ್ನಡ ಪಾಠ ಹೇಳುವ ನನಗೆ ಬ್ರಾಕೆಟ್ಟೆಂದರೆ ಆವರಣ ಚಿಹ್ನೆ ಮಾತ್ರವೆ. ಅದರೊಳಗಿನ ಮಾತನ್ನು ತೆಗೆದರೂ ವಾಕ್ಯ ನಿಲ್ಲುತ್ತದೆ. ಗಾಡಿಯ ಬ್ರಾಕೆಟ್ಟಿನ ವ್ಯಾಕರಣವೇ ಬೇರೆ ಎಂಬುದನ್ನು ತಿಳಿಯಲು ಬಲ್ಲವರ ಬಳಿ ಕೆಲವು ಸಂಜೆಗಳನ್ನು ಕಳೆದೆನು. ತಿಳಿದುದನ್ನು ತಮ್ಮ ಮುಂದಿಡುತ್ತೇನೆ.

ಎಂಜಿನ್ನು ಗಾಡಿಯ ಮೈಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಮೂರು ನಾಲ್ಕು ಕಡೆ ಲೋಹದ ಬ್ರಾಕೆಟ್ಟುಗಳೂ ಅವುಗಳ ನಡುವೆ ದಪ್ಪನೆಯ ರಬ್ಬರೂ ಸೇರಿ ಅದನ್ನು ಹೊತ್ತಿರುತ್ತವೆ. ಗ್ಯಾರೇಜಿನವರು ಇವನ್ನು ಮೌಂಟಿಂಗ್ ಎನ್ನುತ್ತಾರೆ; ಆಸರೆ ಎಂದು ನಾವು ಕರೆಯಬಹುದು. ಭಾರ ಹೊರುವುದಷ್ಟೇ ಇವುಗಳ ಕೆಲಸವೆಂದು ನಾನೂ ಭಾವಿಸಿದ್ದೆನು. ಹಾಗಿದ್ದಿದ್ದರೆ ನಾಲ್ವರು ಹೊರುವ ಪಲ್ಲಕ್ಕಿಯನ್ನು ಮೂವರು ಹೊತ್ತಂತೆ ಹೇಗೋ ನಡೆದೀತು. ಆದರೆ ಭಾರಕ್ಕಿಂತ ದೊಡ್ಡ ಕೆಲಸವೊಂದುಂಟು. ಎಂಜಿನ್ನು ಗಾಲಿಯನ್ನು ಒಂದು ದಿಕ್ಕಿಗೆ ತಿರುಗಿಸುವಾಗ, ಅಷ್ಟೇ ಬಲದಿಂದ ತಾನು ಎದುರು ದಿಕ್ಕಿಗೆ ಹೊರಳಲು ನೋಡುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಇದಕ್ಕೂ ಅನ್ವಯಿಸುತ್ತದೆ.

ಈ ಹೊರಳುವ ಬಲ ಎಷ್ಟೆಂಬುದನ್ನು ನಮ್ಮ ಶಾಲೆಯ ಗಣಿತದ ಉಪಾಧ್ಯಾಯರಿಂದ ಲೆಕ್ಕ ಹಾಕಿಸಿದೆನು. ಸಣ್ಣ ಕಾರಿನ ಎಂಜಿನ್ನಿನ ತಿರುಚುಬಲ ಸುಮಾರು 60 ನ್ಯೂಟನ್-ಮೀಟರು ಎಂದಿಟ್ಟುಕೊಳ್ಳೋಣ. ಮೊದಲನೆಯ ಗೇರಿನಲ್ಲಿ ಅದು ಹಲ್ಲುಚಕ್ರಗಳ ಮೂಲಕ 12ರಿಂದ 15 ಪಾಲು ಹೆಚ್ಚಿ ಗಾಲಿಯನ್ನು ಮುಟ್ಟುತ್ತದೆ. ಮುಂಗಾಲಿಗಳನ್ನೇ ಓಡಿಸುವ ಇಂದಿನ ಸಣ್ಣ ಕಾರುಗಳಲ್ಲಿ ಎಂಜಿನ್ನು, ಗೇರುಪೆಟ್ಟಿಗೆ ಎಲ್ಲವೂ ಒಂದೇ ಗಂಟಾಗಿರುವುದರಿಂದ, ಹೆಚ್ಚಿದ ಬಲವೆಲ್ಲವೂ ಆಸರೆಗಳ ಮೇಲೆಯೇ ಬೀಳುತ್ತದೆ. ಒಂದೂವರೆ ಮೀಟರಿನ ಹಾರೆಯ ತುದಿಗೆ 60 ಕಿಲೋ ತೂಕದ ಆಳೊಬ್ಬನು ಜೋತುಬಿದ್ದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು! ಇದನ್ನು ತಡೆಯುವುದಕ್ಕಾಗಿಯೇ ಇಂತಹ ಹಲವು ಗಾಡಿಗಳಲ್ಲಿ ಎಂಜಿನ್ನಿನ ಹಿಂದೆ ಅಥವಾ ಕೆಳಗೆ ಪ್ರತ್ಯೇಕವಾದ ಆಸರೆಯೊಂದಿರುತ್ತದೆ. ಅದು ಭಾರವನ್ನು ಹೊರುವುದೇ ಇಲ್ಲವೆನ್ನಬಹುದು. ಆದಕಾರಣ ನಿಂತ ಗಾಡಿಯಲ್ಲಿ ಅದನ್ನು ಬಿಚ್ಚಿದರೆ ಎಂಜಿನ್ನು ಕೂದಲೆಳೆಯಷ್ಟೂ ಕುಸಿಯುವುದಿಲ್ಲ. ಮೇಸ್ತ್ರಿ ಮೋಸಹೋಗುವುದೂ ಇಲ್ಲಿಯೇ. ಶಿಷ್ಯನ ಗಾಡಿಯಲ್ಲಿ ತೆಗೆದದ್ದು ಇದನ್ನೇ. ಘಟ್ಟದ ಏರಿನಲ್ಲಿ ಎಂಜಿನ್ನು ಹಿಂದಕ್ಕೆ ಹೊರಳಿ, ಗೇರಿನ ಸರಳನ್ನು ಎಳೆದು, ಗೇರನ್ನು ಕಳಚಿತು. ಆಮೇಲೆ ಪರೀಕ್ಷಿಸಿದಾಗ ಹೊಗೆಕೊಳವೆಯ ಬೆಸುಗೆ ಬಿರಿದಿತ್ತು. ಗಾಲಿಗೆ ಹೋಗುವ ದಂಡದ ರಬ್ಬರು ಚೀಲ ಹರಿದಿತ್ತು.

ಇದು ಹೊಸದಾಗಿ ಕಂಡುಕೊಂಡ ಸಂಗತಿಯಲ್ಲ. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪೆನಿಯವರು ತಮ್ಮ ಪ್ಲಿಮತ್ ಕಾರಿನಲ್ಲಿ ಎಂಜಿನ್ನನ್ನು ರಬ್ಬರಿನ ಮೇಲೆ ತೇಲಿಸಿದಂತೆ ಕೂರಿಸಿ, ಅದಕ್ಕೆ "ಫ್ಲೋಟಿಂಗ್ ಪವರ್" ಎಂದು ಹೆಸರಿಟ್ಟರು. ಮರುವರ್ಷವೇ ಫ್ರಾನ್ಸಿನ ಸಿಟ್ರೋಯೆನ್ ಕಂಪೆನಿಯವರು ಆ ವಿಧಾನವನ್ನು ಪಡೆದು, ತೇಲುವ ಹಂಸದ ಚಿತ್ರದೊಡನೆ ಪ್ರಚಾರ ಮಾಡಿದರು. ಎಂಜಿನ್ನನ್ನು ಅಷ್ಟು ಮೃದುವಾಗಿ ತೇಲಿಸಿದವರೂ ಅದು ಹೊರಳದಂತೆ ಪಕ್ಕದಲ್ಲಿ ಪಟ್ಟಿಸ್ಪ್ರಿಂಗೊಂದನ್ನು ಕಟ್ಟುವುದನ್ನು ಮರೆಯಲಿಲ್ಲ.

ಆಸರೆ ಕೈಕೊಟ್ಟರೆ ಏನಾಗುತ್ತದೆಂಬುದಕ್ಕೆ ಬಲು ದೊಡ್ಡ ದೃಷ್ಟಾಂತ ಅಮೆರಿಕದ ಷೆವರ್ಲೆ ಕಾರುಗಳದು. 1965ರಿಂದ ಮುಂದೆ ಕೆಲವು ವರ್ಷ ತಯಾರಾದ ಗಾಡಿಗಳಲ್ಲಿ ಆಸರೆಯ ರಬ್ಬರು ಲೋಹದಿಂದ ಬಿಟ್ಟುಕೊಳ್ಳುತ್ತಿದ್ದಿತು. ಚಾಲಕನು ವೇಗ ಹೆಚ್ಚಿಸಿದೊಡನೆ ಎಂಜಿನ್ನಿನ ಎಡಬದಿ ಮೇಲಕ್ಕೇಳುತ್ತಿತ್ತು. ಅದರೊಡನೆ ವೇಗದ ಸರಳೂ ಎಳೆಯಲ್ಪಟ್ಟು, ಚಾಲಕನು ಕಾಲು ತೆಗೆದರೂ ವೇಗ ತಗ್ಗದೆ ಹೋಗಬಹುದಾಗಿತ್ತು. ಬ್ರೇಕಿಗೆ ನೆರವಾಗುವ ನಿರ್ವಾತದ ಕೊಳವೆಯೂ ಕಳಚಿಕೊಂಡರಂತೂ ಕೇಳುವುದೇ ಬೇಡ: ಓಡುವ ಗಾಡಿ, ಹಿಡಿಯದ ಬ್ರೇಕು. 1971ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯು ಸುಮಾರು 67 ಲಕ್ಷ ವಾಹನಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. ಮಾಡಿದ ದುರಸ್ತಿಯಾದರೂ ಏನು? ಎಂಜಿನ್ನು ಮೇಲೇಳದಂತೆ ಹಿಡಿದುಕೊಳ್ಳುವ ಒಂದು ತಂತಿಹಗ್ಗವನ್ನು ಕಟ್ಟಿದರು, ಅಷ್ಟೆ. ಇಂದಿನ ಗಾಡಿಗಳಲ್ಲಿ ವೇಗದ ಆಜ್ಞೆ ಹೆಚ್ಚಾಗಿ ವಿದ್ಯುತ್ ತಂತಿಯ ಮೂಲಕ ಹೋಗುವುದರಿಂದ ಅದೇ ಅಪಾಯ ಅದೇ ರೂಪದಲ್ಲಿ ಬರಲಾರದು. ಎಂಜಿನ್ನು ಹೊರಳುವುದು ಮಾತ್ರ ತಪ್ಪಿಲ್ಲ.

ಇನ್ನು ನಡುಕದ ಮಾತು. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 750 ಸುತ್ತಿನಂತೆ ಸುಮ್ಮನೆ ತಿರುಗುತ್ತಿದ್ದರೂ ಕ್ಷಣಕ್ಕೆ 25 ಬಾರಿ ಒಳಗೆ ಸ್ಫೋಟವಾಗುತ್ತದೆ; ಗಂಟೆಗೆ 90,000 ಪೆಟ್ಟು. ಅಡಿಗೆಮನೆಯ ಮಿಕ್ಸಿಯ ರಬ್ಬರು ಕಾಲೊಂದು ಬಿದ್ದುಹೋದರೆ ಅದು ಕಟ್ಟೆಯ ಮೇಲೆ ಕುಣಿಯುವುದನ್ನು ತಾವು ನೋಡಿರಬಹುದು. ಎಂಜಿನ್ನಿನದೂ ಅದೇ ಪಾಡು. ಒಂದು ಆಸರೆ ತೆಗೆದರೆ ಉಳಿದವು ಬೇಗ ಹರಿಯುತ್ತವೆ. ಹೊಗೆಕೊಳವೆಗೂ ಗಾಳಿ ಎಳೆಯುವ ಕೊಳವೆಗೂ ಕೊಟ್ಟಿರುವ ಸಣ್ಣ ಊರೆಗಳನ್ನು ತೆಗೆದರೆ ಅಂದೇ ಏನೂ ಆಗದು. ತಿಂಗಳುಗಟ್ಟಲೆ ನಡುಗಿ ನಡುಗಿ ಲೋಹ ದಣಿದು, ಬುಡದಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಹೊಗೆಕೊಳವೆಯ ಬಿರುಕಿನಿಂದ ಸೋರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ಮುಚ್ಚಿದ ಗಾಡಿಯಲ್ಲಿ ಅದು ಪ್ರಾಣಕ್ಕೇ ಮುಳುವಾದೀತು.

ಯಾರೂ ಎಣಿಸದ ತೊಡಕು ಇನ್ನೊಂದಿದೆ. ರಬ್ಬರಿನ ಮೂಲಕ ವಿದ್ಯುತ್ತು ಹರಿಯುವುದಿಲ್ಲವಾದ್ದರಿಂದ ಎಂಜಿನ್ನಿಗೂ ಗಾಡಿಯ ಮೈಗೂ ನಡುವೆ ದಪ್ಪನೆಯ ಅರ್ತ್ ತಂತಿಯೊಂದನ್ನು ಕೊಟ್ಟಿರುತ್ತಾರೆ. ಕೆಲವು ಗಾಡಿಗಳಲ್ಲಿ ಅದು ಬ್ರಾಕೆಟ್ಟಿನ ಬೋಲ್ಟಿಗೇ ಕಟ್ಟಿರುತ್ತದೆ. ಬ್ರಾಕೆಟ್ಟಿನೊಡನೆ ಅದೂ ಹೋದರೆ, ಗಾಡಿ ಚಾಲೂ ಮಾಡುವ ಭಾರಿ ವಿದ್ಯುತ್ತು ಬೇರೆ ದಾರಿ ಹುಡುಕುತ್ತದೆ. ಹಳೆಯ ಗಾಡಿಗಳಲ್ಲಿ ವೇಗದ ತಂತಿಯ ಮೂಲಕವೇ ಹರಿದು ಅದು ಕಾದು ಸುಡುವುದುಂಟು. ಮೇಸ್ತ್ರಿಯು ಬ್ಯಾಟರಿಯನ್ನು ಬೈಯುತ್ತಾ ಕೂರುತ್ತಾನೆ!

ಹಾಗಾದರೆ ಯಾವ ಬ್ರಾಕೆಟ್ಟನ್ನೂ ಮುಟ್ಟಬಾರದೆ? ಹಾಗೇನಿಲ್ಲ. ಎಂಜಿನ್ನನ್ನು ಸರಪಳಿಯಿಂದ ಎತ್ತಿಳಿಸಲು ಇಟ್ಟ ಕೊಂಡಿಗಳನ್ನು ತೆಗೆದರೆ ಓಟಕ್ಕೆ ಬಾಧಕವಿಲ್ಲ. ಮುಂದೊಮ್ಮೆ ಎಂಜಿನ್ನನ್ನು ಎತ್ತುವವನು ಶಪಿಸಿಯಾನು, ಅಷ್ಟೆ. ಎಂಜಿನ್ನನ್ನೇ ಬದಲಿಸುವವರು ಹಳೆಯ ಬ್ರಾಕೆಟ್ಟು ತೆಗೆಯಲೇಬೇಕಾಗುತ್ತದೆ. ನಮ್ಮ ಊರುಗಳಲ್ಲಿ ಪೆಟ್ರೋಲಿನ ಅಂಬಾಸಿಡರ್ ಕಾರುಗಳಿಗೆ ಡೀಸೆಲ್ ಎಂಜಿನ್ನು ಕೂರಿಸುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಡೀಸೆಲಿನದು ತೂಕವೂ ಹೆಚ್ಚು, ನಡುಕವೂ ಹೆಚ್ಚು. ಅದಕ್ಕೆ ತಕ್ಕ ಆಸರೆಯನ್ನು ತಕ್ಕ ಜಾಗದಲ್ಲಿ ಮಾಡಿದ ಗಾಡಿಗಳು ವರ್ಷಗಟ್ಟಲೆ ದುಡಿದುವು. ಕೈಗೆ ಸಿಕ್ಕ ಪಟ್ಟಿಯನ್ನು ಬೆಸೆದವುಗಳಲ್ಲಿ ಬೆಸುಗೆಯ ಅಂಚೇ ಬಿರಿಯಿತು. ಗಟ್ಟಿಯಾಗಲೆಂದು ರಬ್ಬರನ್ನೇ ತೆಗೆದು ಬರಿಯ ಕಬ್ಬಿಣದಿಂದ ಬಿಗಿಯುವವರೂ ಇದ್ದಾರೆ. ಪಂದ್ಯದ ಗಾಡಿಗೆ ಅದು ಸಲ್ಲಬಹುದು. ಮನೆಮಂದಿ ಕೂರುವ ಗಾಡಿಗೆ ನಾನಂತೂ ಒಪ್ಪೆನು. ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು.

ತಮ್ಮ ಗಾಡಿಯ ಆಸರೆ ಸರಿಯಿದೆಯೇ ಎಂದು ನೋಡಬೇಕಾದರೆ, ಬಾನೆಟ್ಟು ತೆರೆದು, ಕೈಬ್ರೇಕು ಎಳೆದು, ಬ್ರೇಕನ್ನು ಬಲವಾಗಿ ತುಳಿದು, ಮೊದಲನೆಯ ಗೇರಿನಲ್ಲಿ ಕ್ಲಚ್ಚನ್ನು ತುಸುವೇ ಬಿಡಲು ಮೇಸ್ತ್ರಿಗೆ ಹೇಳಿರಿ. ಗಾಡಿಯ ಮುಂದೆಯಾಗಲಿ ಹಿಂದೆಯಾಗಲಿ ಯಾರೂ ನಿಲ್ಲಬಾರದು. ತಾವು ಪಕ್ಕದಿಂದ ನೋಡಬೇಕು. ಎಂಜಿನ್ನು ಕೊಂಚ ಅಲುಗಿ ನಿಂತರೆ ಚಿಂತೆಯಿಲ್ಲ. ಎದ್ದು ಬಿದ್ದಂತೆ ಹೊರಳಿದರೆ ಆಸರೆ ಹರಿದಿದೆ, ಇಲ್ಲವೇ ಯಾರೋ ತೆಗೆದಿದ್ದಾರೆ.

ನನ್ನ ಶಿಷ್ಯನ ಬ್ರಾಕೆಟ್ಟು ಆ ಗ್ಯಾರೇಜಿನ ಮೂಲೆಯಲ್ಲಿ ಸಿಕ್ಕಲಿಲ್ಲ. ಗುಜರಿಯಲ್ಲಿದ್ದ ಅದೇ ಮಾದರಿಯ ಗಾಡಿಯಿಂದ ಒಂದನ್ನು ಬಿಚ್ಚಿಸಿ, ಹೊಸ ರಬ್ಬರು ಹಾಕಿಸಿ ಕೂರಿಸಿದ್ದಾಯಿತು. ದಪ್ಪನೆಯ ಕೊಳವೆಗೆ ಜಾಗವಿಲ್ಲದ್ದರಿಂದ ಹಳೆಯ ಕೊಳವೆಯೇ ಮರಳಿ ಬಂದಿತು. ಕಳೆದ ವಾರ ತಾಯಿಯೊಡನೆ ಶೃಂಗೇರಿಗೆ ಹೋಗಿಬಂದನು. "ಠಕ್" ಎಂಬ ಸದ್ದು ಈಗ ಇಲ್ಲವಂತೆ.