ಗಾಳ ಹಾಕಿದರೆ ಮೀನು ಮಾತ್ರವಲ್ಲ, ಆರೋಗ್ಯವೂ ಸಿಗುತ್ತದೆ

ಮೊಗ್ರಾಲ್, ಶಿರಿಯ, ಉಪ್ಪಳ ಹೊಳೆಗಳ ಬದಿಯಲ್ಲಿ ಸಂಜೆ ಹೊತ್ತು ಗಾಳ ಹಿಡಿದು ನಿಂತವರನ್ನು ಕಂಡರೆ ದಾರಿಹೋಕರು ಕೇಳುವುದು ಒಂದೇ ಪ್ರಶ್ನೆ: "ಏನಾದ್ರೂ ಸಿಕ್ಕಿತಾ?" ಇಲ್ಲ ಎಂದರೆ ಒಂದು ನಗು. "ಅಷ್ಟು ಹೊತ್ತಲ್ಲಿ ಮಾರ್ಕೆಟಿಗೆ ಹೋಗಿ ಬೂತಾಯಿ ತರಬಹುದಿತ್ತಲ್ಲ" ಎಂಬ ಬುದ್ಧಿಮಾತು ಬೇರೆ.

ವ್ಯಾಪಾರಿಯಾಗಿ ನೋಡಿದರೆ ಆ ಮಾತು ತಪ್ಪಲ್ಲ. ಎರಡು ಗಂಟೆ ನಿಂತು ಎರಡು ಕಾಣೆ ಮೀನು ಸಿಕ್ಕಿದರೆ ಅದು ನಷ್ಟದ ವ್ಯವಹಾರವೇ. ಆದರೆ ಗಾಳದ ಲಾಭವನ್ನು ಮೀನಿನ ತೂಕದಲ್ಲಿ ಅಳೆಯಬಾರದು. ಆ ಎರಡು ಗಂಟೆಯಲ್ಲಿ ನಮ್ಮ ದೇಹಕ್ಕೂ ಮನಸ್ಸಿಗೂ ಏನಾಗುತ್ತದೆ ಎಂದು ನೋಡಬೇಕು. ಇಲ್ಲಿ ಹೇಳುತ್ತಿರುವುದು ಹವ್ಯಾಸಕ್ಕೆ ಗಾಳ ಹಾಕುವವರ ವಿಷಯ. ಕಡಲಿಗೆ ಹೋಗಿ ಹೊಟ್ಟೆಪಾಡಿಗೆ ಮೀನು ಹಿಡಿಯುವವರ ದುಡಿಮೆ, ಅಪಾಯ ಎರಡೂ ಬೇರೆಯೇ.

ಈಗ ಯಾಕೆ ಈ ಮಾತು?

ಐಸಿಎಂಆರ್-ಇಂಡಿಯಾಬ್ ಅಧ್ಯಯನದ ವರದಿ 2023ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಕೇರಳದಲ್ಲಿ ಇದರ ಪ್ರಮಾಣ ಶೇ. 25.5. ಅಂದರೆ ವಯಸ್ಕರಲ್ಲಿ ನಾಲ್ವರಿಗೆ ಒಬ್ಬರು. ನಮ್ಮಲ್ಲಿ ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿ ಇಳಿಸುವವರೆಗೂ ಕೌಂಟರ್ ಹಿಂದೆ ಕೂತಿರುವವರೇ ಹೆಚ್ಚು. ಗಲ್ಫಿನಿಂದ ಊರಿಗೆ ಬಂದವರಿಗೆ ಮುಂದೇನು ಎಂಬ ಚಿಂತೆ. ಹುಡುಗರಿಗೆ ರಾತ್ರಿ ಒಂದು ಗಂಟೆಯವರೆಗೂ ಮೊಬೈಲ್. ಗಂಡಸರು ಮನಸ್ಸಿನ ಭಾರವನ್ನು ಮನೆಯಲ್ಲೂ ಹೇಳುವುದಿಲ್ಲ, ಗೆಳೆಯರಲ್ಲೂ ಹೇಳುವುದಿಲ್ಲ. "ಎಲ್ಲಾ ಸುಖವೇ" ಎಂದು ಹೇಳಿ ಮುಗಿಸುತ್ತಾರೆ.

ಜಿಮ್‌ಗೆ ಹೋಗಲು ಹಣ ಬೇಕು, ಪ್ರವಾಸ ಹೋಗಲು ರಜೆ ಬೇಕು. ಹೊಳೆ ಮಾತ್ರ ಮನೆ ಹತ್ತಿರವೇ ಇದೆ. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಹರಿಯುತ್ತವೆ. ಒಂದು ಕೋಲು, ಸ್ವಲ್ಪ ತಂಗೂಸಿ ದಾರ, ಕೊಕ್ಕೆ, ಸೀಸದ ಗುಂಡು, ನಾಲ್ಕು ಸಿಗಡಿ ತುಂಡು ಇದ್ದರೆ ಶುರು ಮಾಡಬಹುದು. ಸಾವಿರಾರು ರೂಪಾಯಿಯ ರೀಲ್ ಮೊದಲ ದಿನವೇ ಬೇಕಾಗಿಲ್ಲ.

ದೇಹಕ್ಕೆ ಏನು ಲಾಭ?

ಯಾವ ಕೆಲಸಕ್ಕೆ ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂಬುದನ್ನು ತಜ್ಞರು 'ಮೆಟ್' ಎಂಬ ಅಳತೆಯಲ್ಲಿ ಹೇಳುತ್ತಾರೆ. ಸುಮ್ಮನೆ ಕೂತಿರುವುದು 1 ಮೆಟ್. ದೋಣಿಯಲ್ಲಿ ಕೂತು ಗಾಳ ಹಾಕಿದರೆ 2. ದಡದಲ್ಲಿ ನಿಂತು ಹಾಕಿದರೆ 3.5. ದಡದ ಉದ್ದಕ್ಕೂ ನಡೆಯುತ್ತಾ ಜಾಗ ಬದಲಿಸಿ ಹಾಕಿದರೆ 4. 3ರಿಂದ ಮೇಲೆ ಇದ್ದರೆ ಅದು ಮಧ್ಯಮ ವ್ಯಾಯಾಮ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಕುರ್ಚಿ ಹಾಕಿ ಕೂತರೆ ವ್ಯಾಯಾಮದ ಲಾಭ ಇಲ್ಲ. ನಿಲ್ಲಬೇಕು, ನಡೆಯಬೇಕು.

ಗಾಳ ಬೀಸುವಾಗ ಭುಜ, ತೋಳು, ಮಣಿಕಟ್ಟು ಎಲ್ಲಕ್ಕೂ ಕೆಲಸ. ಅಮೆರಿಕದಲ್ಲಿ 1996ರಿಂದ 'ಕಾಸ್ಟಿಂಗ್ ಫಾರ್ ರಿಕವರಿ' ಎಂಬ ಸಂಸ್ಥೆ ಸ್ತನ ಕ್ಯಾನ್ಸರ್ ಆದ ಮಹಿಳೆಯರಿಗೆ ಗಾಳ ಹಾಕಲು ಕಲಿಸುತ್ತಿದೆ. ಗಾಳ ಬೀಸುವ ಚಲನೆ ಆಪರೇಷನ್ ನಂತರ ಹೇಳಿಕೊಡುವ ತೋಳಿನ ವ್ಯಾಯಾಮವನ್ನು ಹೋಲುತ್ತದೆ ಎಂಬುದು ಅವರು ಇದನ್ನು ಆರಿಸಿದ ಒಂದು ಕಾರಣ.

ಮನಸ್ಸಿಗೆ ಏನು ಲಾಭ?

ಅಂಗಡಿಯಲ್ಲಿ ಬಾಕಿ ಲೆಕ್ಕ, ಫೋನ್, ಗಿರಾಕಿ, ಜಿಎಸ್‌ಟಿ ಎಂದು ಮನಸ್ಸು ಇಡೀ ದಿನ ಬಲವಂತವಾಗಿ ಗಮನ ಕೊಡುತ್ತಲೇ ಇರುತ್ತದೆ. ಹೀಗೆ ಗಮನ ಕೊಟ್ಟೂ ಕೊಟ್ಟೂ ಅದು ಸುಸ್ತಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೇಚಲ್ ಮತ್ತು ಸ್ಟೀಫನ್ ಕಾಪ್ಲನ್ ದಂಪತಿ ಇದನ್ನು ಅಧ್ಯಯನ ಮಾಡಿದವರು. ಹರಿಯುವ ನೀರು, ಅಲುಗಾಡುವ ಎಲೆ ಇಂಥವನ್ನು ನೋಡುವಾಗ ಗಮನ ತಾನಾಗಿಯೇ ಅಲ್ಲಿ ನಿಲ್ಲುತ್ತದೆ, ದಣಿದ ಮನಸ್ಸಿಗೆ ಆಗ ವಿಶ್ರಾಂತಿ ಸಿಗುತ್ತದೆ ಎಂಬುದು ಅವರ ವಿವರಣೆ. ನೀರಿನ ಮೇಲಿನ ಬೆಂಡನ್ನು ನೋಡುತ್ತಾ ನಿಲ್ಲುವುದಕ್ಕೆ ಇದಕ್ಕಿಂತ ಸರಿಯಾದ ವಿವರಣೆ ಬೇಡ. ಒದ್ದೆ ಕೈಯಲ್ಲಿ, ಸಿಗಡಿ ವಾಸನೆಯ ಬೆರಳಲ್ಲಿ ಮೊಬೈಲ್ ಮುಟ್ಟಲೂ ಮನಸ್ಸು ಬರುವುದಿಲ್ಲ.

ಇಂಗ್ಲೆಂಡಿನಲ್ಲಿ ಸುಮಾರು 20 ಸಾವಿರ ಜನರನ್ನು ಸಮೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಾರಕ್ಕೆ ಒಟ್ಟು 120 ನಿಮಿಷವಾದರೂ ಪ್ರಕೃತಿಯ ನಡುವೆ ಕಳೆಯುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೇಳಿದ್ದು ಹೆಚ್ಚು. ಒಮ್ಮೆಲೇ ಎರಡು ಗಂಟೆ ಆದರೂ ಸರಿ, ಸ್ವಲ್ಪ ಸ್ವಲ್ಪ ಆದರೂ ಸರಿ. ಇದರಿಂದಲೇ ಆರೋಗ್ಯ ಬಂತು ಎಂದು ಅಧ್ಯಯನ ಸಾಬೀತು ಮಾಡಿಲ್ಲ, ಎರಡಕ್ಕೂ ಸಂಬಂಧ ಇದೆ ಎಂದಷ್ಟೇ ಹೇಳುತ್ತದೆ. ಅಮೆರಿಕದಲ್ಲಿ ಯುದ್ಧದಿಂದ ಗಾಯಗೊಂಡು ಬಂದ ಸೈನಿಕರಿಗಾಗಿ 2005ರಲ್ಲಿ ಶುರುವಾದ 'ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್' ಸಂಸ್ಥೆಯೂ ಗಾಳವನ್ನೇ ಬಳಸುತ್ತದೆ.

ಇನ್ನೊಂದು ಲಾಭ ನಮ್ಮ ಗಂಡಸರಿಗೆ ಬಹಳ ಮುಖ್ಯ. ಎದುರು ಬದುರು ಕೂತು "ನನಗೆ ಕಷ್ಟ ಆಗ್ತಿದೆ" ಎಂದು ಹೇಳುವುದು ಸುಲಭವಲ್ಲ. ಪಕ್ಕ ಪಕ್ಕ ನಿಂತು ನೀರು ನೋಡುತ್ತಿರುವಾಗ ಆ ಮಾತು ಹೊರಗೆ ಬರುತ್ತದೆ. ಮಧ್ಯೆ ಐದು ನಿಮಿಷ ಸುಮ್ಮನಿದ್ದರೂ ಯಾರಿಗೂ ಮುಜುಗರವಿಲ್ಲ. ಉಪ್ಪ, ಮಗ ಜೊತೆಯಾಗಿ ನಿಂತರೆ ಮನೆಯಲ್ಲಿ ಆಗದ ಮಾತು ಅಲ್ಲಿ ಆಗುತ್ತದೆ. ಯಾವ ಇಳಿತಕ್ಕೆ ಕಾಣೆ ಬರುತ್ತದೆ, ಕೆಂಬೇರಿ ಎಲ್ಲಿ ಅಡಗುತ್ತದೆ ಎಂದು ಊರಿನ ಹಿರಿಯ ಕಾಕಂದಿರಿಗೆ ಗೊತ್ತು. ಅವರಲ್ಲಿ ಕೇಳಿ ಕಲಿಯಿರಿ. ಅವರ ಒಂಟಿತನವೂ ಸ್ವಲ್ಪ ಕಡಿಮೆಯಾಗಲಿ.

ನೆನಪಿಡಬೇಕಾದ ವಿಷಯಗಳು

* ಒಬ್ಬರೇ ಹೋಗಬೇಡಿ. ಈಜು ಬಾರದವರು ಪಾಚಿ ಹಿಡಿದ ಕಲ್ಲು, ಅಳಿವೆ ಬಾಗಿಲಿನ ಬಂಡೆಗಳಿಂದ ದೂರ ಇರಿ.
* ಮಳೆಗಾಲದಲ್ಲಿ ಹೊಳೆ ಏರಿದಾಗ, ಗುಡುಗು ಸಿಡಿಲು ಇದ್ದಾಗ ಬೇಡವೇ ಬೇಡ. ಕಡಲತೀರಕ್ಕೆ ಹೋಗುವ ಮುನ್ನ 'ಕಳ್ಳಕ್ಕಡಲ್' ಎಚ್ಚರಿಕೆ ಇದೆಯಾ ನೋಡಿ. ಗಾಳಿ ಇಲ್ಲದೆಯೂ ದೊಡ್ಡ ಅಲೆ ಬರುತ್ತದೆ.
* ಕಾಲಲ್ಲಿ ಗಾಯ ಇದ್ದರೆ ಕೊಳಕು ನೀರಿಗೆ ಇಳಿಯಬೇಡಿ, ಇಲಿ ಜ್ವರದ ಭಯ ಇದೆ. ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ಹೋಗಲೇಬಾರದು.
* ಸುಬಹಿ ನಂತರ ಅಥವಾ ಅಸರ್ ನಂತರದ ಹೊತ್ತು ಒಳ್ಳೆಯದು. ನಡು ಮಧ್ಯಾಹ್ನದ ಬಿಸಿಲು ಬೇಡ. ನೀರು, ಟೊಪ್ಪಿ ಇರಲಿ.
* ಸಣ್ಣ ಮರಿ ಸಿಕ್ಕಿದರೆ ವಾಪಸ್ ಬಿಡಿ. ತಿನ್ನುವಷ್ಟೇ ಹಿಡಿಯಿರಿ, ಬರೀ ಆಟಕ್ಕೆ ಜೀವ ತೆಗೆಯುವುದು ಬೇಡ.
* ತುಂಡಾದ ದಾರ, ಕೊಕ್ಕೆ ದಡದಲ್ಲಿ ಬಿಸಾಡಬೇಡಿ. ಹಕ್ಕಿ, ಆಮೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಗಾಳ ಮದ್ದಿಗೆ ಬದಲಿಯಲ್ಲ. ಶುಗರ್ ಮಾತ್ರೆ ನಿಲ್ಲಿಸಬೇಡಿ. ನಿದ್ದೆ ಬಾರದೆ ವಾರಗಟ್ಟಲೆ ಆಗಿದ್ದರೆ, ಬದುಕು ಬೇಡ ಎನಿಸಿದರೆ ಡಾಕ್ಟರ್‌ಗೆ ತೋರಿಸಿ. ಸರಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಿಮ್ಮ ಗೆಳೆಯರಲ್ಲಿ ಇತ್ತೀಚೆಗೆ ಯಾರೊಂದಿಗೂ ಬೆರೆಯದೆ ಸುಮ್ಮನಾದವರು ಒಬ್ಬರಾದರೂ ಇರಬಹುದು. ಈ ವಾರ ಅವರಿಗೊಂದು ಫೋನ್ ಮಾಡಿ, "ಗಾಳ ಹಾಕಲು ಹೋಗೋಣ ಬಾ" ಎಂದು ಕರೆಯಿರಿ. ಮೀನು ಸಿಗದಿದ್ದರೆ ವಾಪಸ್ ಬರುವಾಗ ಮಾರ್ಕೆಟಿನಿಂದ ಬೂತಾಯಿ ತಂದರಾಯಿತು.